ಡಂಗುರ ಕೇಳಿದ ಗೆದ್ದಲು

ರೇಣುಪ್ರಭಾ ಅಂಗೈಯಗಲದ ಯಂತ್ರವನ್ನು ನಡುಗಂಬಕ್ಕೆ ಅಂಟಿಸಿ ಗುಂಡಿ ಒತ್ತಿದಳು. ಮನುಷ್ಯರ ಕಿವಿಗೆ ಏನೂ ಕೇಳಿಸಲಿಲ್ಲ. ಕಂಬದ ಒಳಗೆ ಮಾತ್ರ ಊರಿಗೆ ಊರೇ ಎದ್ದು ಓಡತೊಡಗಿತು. ಆ ಓಟವೆಲ್ಲ ಪರದೆಯ ಮೇಲೆ ಕೆಂಪು ಚುಕ್ಕಿಗಳಾಗಿ ಮೂಡಿತು.

ಅಪಾಯ ಬಂದಾಗ ಕಾವಲಿನ ಗೆದ್ದಲುಗಳು ತಲೆಯನ್ನು ಮರಕ್ಕೆ ಕುಟ್ಟಿ ಉಳಿದವಕ್ಕೆ ಸುದ್ದಿ ಮುಟ್ಟಿಸುತ್ತವೆ. ಅವಕ್ಕೆ ನಮ್ಮಂತೆ ಕಿವಿಯಿಲ್ಲ, ಕಾಲಿನಿಂದಲೇ ಅದುರುವಿಕೆಯನ್ನು ಗ್ರಹಿಸುತ್ತವೆ. ರೇಣುಪ್ರಭಾಳ ಯಂತ್ರ ಆ ಕುಟ್ಟುವಿಕೆಯನ್ನು ಅನುಕರಿಸುತ್ತಿತ್ತು. ಬೆದರಿದ ಗೆದ್ದಲು ಓಡಿದ ದಾರಿಯೇ ಮರದೊಳಗಿನ ಪೊಳ್ಳಿನ ನಕ್ಷೆ. ಯಂತ್ರಕ್ಕೆ ಅವಳಿಟ್ಟ ಹೆಸರು ಡಂಗುರ. ಒಂದು ರಂಧ್ರವನ್ನೂ ಕೊರೆಯದೆ ಎಷ್ಟೋ ಹಳೆಯ ಮರದ ಕಟ್ಟಡಗಳ ನಾಡಿ ಹಿಡಿದಿದ್ದ ಡಂಗುರ, 2061ರ ಆ ಬೆಳಗ್ಗೆ ಮೈಸೂರಿನ ಒಂದು ಗರಡಿಮನೆಗೆ ಬಂದಿತ್ತು.

“ನಡುಗಂಬ ಟೊಳ್ಳು ಅಂತ ಗೊತ್ತಾದ್ರೆ ನಗರಪಾಲಿಕೆಯವ್ರು ಇದನ್ನ ಕೆಡವಿಬಿಡ್ತಾರೆ ಕಣವ್ವ,” ಎಂದರು ಗರಡಿಯ ಕುಸ್ತಿ ಗುರು, ವಸ್ತಾದ್ ಕಾಳಿಂಗಯ್ಯ. ಎಪ್ಪತ್ತು ದಾಟಿದ ದೇಹ, ಕುಸ್ತಿಯಾಡಿ ಮುದುಡಿದ ಕಿವಿ. “ನಮ್ಮಪ್ಪ ನಂಗೆ ಮೊದಲ್ನೇ ಪಟ್ಟು ಹೇಳ್ಕೊಟ್ಟಿದ್ದು ಇಲ್ಲೇಯ. ಇದು ಹೋದ್ರೆ ನಾನೂ ಹೋದಂಗೆ.”

ಪಾಪ, ಅವರು ಕಾಪಾಡಿದ್ದೇನು ಕಡಿಮೆಯೆ? ಹುಡುಗರ ಕುಣಿದಾಟಕ್ಕೆ ಹಳೆಯ ಕಟ್ಟಡ ಹಾಳಾದೀತೆಂದು ಸಾಮು, ಕುಸ್ತಿ ಎಲ್ಲವನ್ನೂ ಸಿಮೆಂಟಿನ ಹೊಸ ಹಾಲ್‌ಗೆ ಸಾಗಿಸಿ ಇದಕ್ಕೆ ಬೀಗ ಜಡಿದಿದ್ದರು. ವರ್ಷಕ್ಕೊಮ್ಮೆ ಮಟ್ಟಿ ಪೂಜೆಗೆ, ಅಂದರೆ ಕುಸ್ತಿಯ ಕೆಮ್ಮಣ್ಣನ್ನು ಪೂಜಿಸುವ ದಿನ, ಬಾಗಿಲು ತೆರೆದು ಅರಿಶಿನ ಕುಂಕುಮ ಏರಿಸಿ ಮತ್ತೆ ಮುಚ್ಚುತ್ತಿದ್ದರು.

ಚುಕ್ಕಿಗಳು ನಡುಗಂಬದ ಅಂಚಿನಲ್ಲೇ ಸುತ್ತಿದವು, ತಿರುಳಿಗೆ ಇಳಿಯಲಿಲ್ಲ. ರೇಣುಪ್ರಭಾಗೆ ಕುಣಿದುಬಿಡಬೇಕೆನಿಸಿತು.

“ವಸ್ತಾದರೇ, ತಿರುಳು ಗಟ್ಟಿಯಾಗಿದೆ. ಮೊದಲೇ ನೋಡಿದ ಮೂಲೆಯ ಎರಡು ಕಂಬ ಮಾತ್ರ ಟೊಳ್ಳು, ಅವನ್ನು ಬದಲಾಯಿಸಿದರೆ ಸಾಕು.”

ಕಾಳಿಂಗಯ್ಯ ಕಂಬಕ್ಕೆ ಹಣೆ ಹಚ್ಚಿ ನಿಂತುಬಿಟ್ಟರು.

ಅಷ್ಟರಲ್ಲಿ ಅವಳು ಮತ್ತೇನನ್ನೋ ಗಮನಿಸಿದಳು. ಗೆದ್ದಲು ತನ್ನ ಸುರಂಗಕ್ಕೆ ಮೆತ್ತುವ ಮಣ್ಣು ಹಳತಾದಂತೆ ಗಟ್ಟಿಯಾಗುತ್ತದೆ. ಆ ಗಟ್ಟಿತನವನ್ನು ಅಳೆದು ಡಂಗುರ ಸುರಂಗದ ವಯಸ್ಸನ್ನೂ ಹೇಳುತ್ತಿತ್ತು.

“ಇಲ್ಲಿ ಹಳೇ ಸುರಂಗ ಒಂದೂ ಇಲ್ಲ. ಎಲ್ಲವೂ ಈಚಿನ ಆರು ವರ್ಷದ್ದು. ಆರು ವರ್ಷದ ಹಿಂದೆ ಇಲ್ಲಿ ಏನಾಯಿತು?”

“ಬೀಗ ಹಾಕಿದ್ದು ಆಗ್ಲೇಯ,” ಎಂದ ಕಾಳಿಂಗಯ್ಯನವರ ದನಿ ಇಳಿಯಿತು.

ಅವರು ಒಮ್ಮೆ ಕುಸ್ತಿಯ ಮಣ್ಣನ್ನೂ ಒಮ್ಮೆ ಡಂಗುರವನ್ನೂ ನೋಡಿದರು. ಆಮೇಲೆ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. “ನಿನ್ ಡಂಗುರ ಹೊಡೆಯೋದು ನಿಲ್ಸವ್ವ. ಪರದೆ ಮಾತ್ರ ನೋಡ್ತಿರು.”

ಕೆಮ್ಮಣ್ಣಿಗೆ ಇಳಿದು, ತೊಡೆ ತಟ್ಟಿ, ಮಗ್ಗುಲಾಗಿ ಧೊಪ್ಪನೆ ಬಿದ್ದರು. ನೆಲ ಅದುರಿತು. ಪರದೆಯ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಕಂಬದಿಂದ ಕೆಳಕ್ಕೆ ಧಾವಿಸಿದವು.

“ಓಡುತ್ತಿವೆ ವಸ್ತಾದರೇ,” ಎಂದಳು ರೇಣುಪ್ರಭಾ ಪರದೆಯಿಂದ ಕಣ್ಣು ತೆಗೆಯದೆ. “ಇನ್ನೊಂದು ಸಲ ಬೀಳಿ.”

ಅವರು ಮತ್ತೆ ಬಿದ್ದರು. ಮತ್ತೆ ಓಡಿದವು. ಅವಳಿಗೆ ಒಟ್ಟಿಗೇ ನಗುವೂ ಅಳುವೂ ಬಂತು. ಬೀಗ ಬೀಳುವವರೆಗೂ ಈ ಗರಡಿಯಲ್ಲಿ ತಲೆತಲಾಂತರದಿಂದ ಪ್ರತಿದಿನ ಡಂಗುರ ಮೊಳಗುತ್ತಲೇ ಇತ್ತು, ಬಿದ್ದು ಎದ್ದ ಪೈಲ್ವಾನರ ಮೈಯಿಂದಲೇ.

“ಕಾಪಾಡ್ತೀನಿ ಕಾಪಾಡ್ತೀನಿ ಅಂತ ನಾನೇ ಗೆದ್ದಲು ಬಾಯಿಗೆ ಹಾಕ್ಬುಟ್ನಲ್ಲವ್ವ,” ಎಂದರು ಕಾಳಿಂಗಯ್ಯ ಮಣ್ಣಿನಲ್ಲೇ ಕೂತು. ಮೈಗೆ ಮೆತ್ತಿದ ಕೆಮ್ಮಣ್ಣನ್ನು ಒರೆಸಿಕೊಳ್ಳಲಿಲ್ಲ. “ಆ ಎರಡು ಕಂಬ ನಿಂತ ಮಾರನೇ ದಿನವೇ ಹುಡುಗ್ರು ಇಲ್ಲಿಗೇ ಬರ್ತಾರೆ.”

ಇದು ಇನ್ನೂ ನಡೆಯದ ಕತೆ. ಆದರೆ ಗೌರವದಿಂದ ಬೀಗ ಹಾಕಿಟ್ಟ ಕಟ್ಟಡಗಳು ನಮ್ಮ ಊರೂರಿನಲ್ಲೂ ಈಗಲೇ ಇವೆ. ಬೀಗದ ಕೈ ಯಾರ ಹತ್ತಿರ ಇದೆಯೆಂದು ಇವತ್ತೇ ಒಮ್ಮೆ ಕೇಳಿ ನೋಡಬೇಕು.