ಮಕ್ಸೂದ ಚಾಚಾನ ಡಬ್ಬಿ

"ಏನ್ರೀ, ಟ್ಯಾಂಕರ್ ಬಂತು! ಕೊಡ ತರ್ರಿ!"

ಅವ್ವ ಮುಂದಿನ ಕೋಣೆಗೆ ಕೂಗಿದಳು. ಹಿತ್ತಲಿಗೆ ಕೂಗಿದಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು.

ಕೇಬಲ್ ಎಳೆಯಲು ಹತ್ತಿದ್ದ ಮಾಳಿಗೆಯಿಂದ ಬಿದ್ದು ಅಪ್ಪ ತೀರಿಕೊಂಡಿದ್ದ. ಮಣ್ಣಿಗೆ ಬಂದ ನೆಂಟರೆಲ್ಲ ನಿನ್ನೆ ಸಂಜೆಯ ಬಸ್ಸಿಗೆ ತಮ್ಮೂರು ಎಕಂಬಾಕ್ಕೆ ಮರಳಿದ್ದರು. ಇವತ್ತು ಸುಜಾತಾ ಶಾಲೆಗೆ ಹೋಗಬೇಕು. ಅವಳೇ ಕೊಡ ಹಿಡಿದು ಓಡಿದಳು.

ನೀರು ತಂದಿಟ್ಟು ಮುಂದಿನ ಕೋಣೆಗೆ ಹೋದಳು. ಅದು ಅಪ್ಪನ ನೆಟ್ ಸೆಂಟರ್. ಮಳೆಯಿಲ್ಲದೆ ಪುಣೆಗೆ ದುಡಿಯಲು ಹೋದವರ ಮುಖವನ್ನು ಮನೆಯವರು ಇಲ್ಲಿ ಬಂದು ನೋಡುತ್ತಿದ್ದರು. ಈಗ ಶಟರ್ ಇಳಿದಿತ್ತು. ಅಪ್ಪನ ಕಂಪ್ಯೂಟರ್ ಮಾತ್ರ ಚಾಲೂ ಇತ್ತು. ಅದರ ವೈರ್ ಸೇರಿದ್ದ ನೀಲಿ ಡಬ್ಬಿಯಲ್ಲಿ ಹಸಿರು ದೀಪ ಮಿನುಗುತ್ತಿತ್ತು.

"ಇನ್ನಾ ಬಂದ್ ಮಾಡಿಲ್ಲೇನು?" ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. "ಆ ಸ್ವಿಚ್ ಡಬ್ಬಿ ನೆಟ್ ಅಂಗಡಿ ಮಕ್ಸೂದ ಚಾಚಾಂದು. ನಮ್ದು ಸುಟ್ಟಾಗ ಅಪ್ಪ ಕೇಳಿ ತಂದಿದ್ದ. ಸಾಲಿಗಿ ಹೋಗ್ತಾ ಕೊಟ್ಟು ಹೋಗು."

"ಅವರು ಕೇಳೇ ಇಲ್ಲಲ್ಲ!"

"ಸತ್ತ ಮನಿಗಿ ಬಂದು ಡಬ್ಬಿ ಕೊಡ್ರಿ ಅಂತ ಯಾರ್ ಕೇಳ್ತಾರ?"

ಸುಜಾತಾ ಡಬ್ಬಿಯ ಮೇಲೆ ಕೈಯಿಟ್ಟಳು. ಬೆಚ್ಚಗಿತ್ತು.

"ಪ್ಲಗ್ ತೆಗದ್ರ ಅದು ಅಪ್ಪನ್ನ ಮರೀತದ, ಅವ್ವ. ಅಪ್ಪನೇ ಹೇಳ್ಯಾನ."

ಅಪ್ಪ ಹೇಳಿದ್ದು ನಿಜ. ಕಂಪ್ಯೂಟರ್ ಮಾತಾಡಿದಾಗಲೇ ಅದರ ವೈರ್ ಯಾವ ತೂತಿನಲ್ಲಿದೆ ಎಂದು ಸ್ವಿಚ್ ಡಬ್ಬಿ ಕಲಿಯುತ್ತದೆ. ಕಂಪ್ಯೂಟರ್ ಸ್ವಲ್ಪ ಹೊತ್ತು ಸುಮ್ಮನಿದ್ದರೂ, ಡಬ್ಬಿಯ ಪ್ಲಗ್ ತೆಗೆದರೂ ಮರೆತುಬಿಡುತ್ತದೆ. ಆಮೇಲೆ ಆ ಕಂಪ್ಯೂಟರಿಗೆ ಏನಾದರೂ ಬಂದರೆ ಎಲ್ಲ ಬಾಗಿಲಿಗೂ ಕೂಗುತ್ತದೆ. ಟ್ಯಾಂಕರ್ ಬಂದಾಗ ಅವ್ವ ಕೂಗಿದಳಲ್ಲ, ಹಾಗೆ.

ಅವ್ವ ಗದರಲಿಲ್ಲ. "ಡಬ್ಬಿ ಇಲ್ದ ಚಾಚಾನ ಹತ್ರ ಒಂದೇ ಕಂಪ್ಯೂಟರ್ ನಡೀಲತ್ತದಂತ. ಪುತಳಾಬಾಯಿ ನಿನ್ನಿನೂ ಪುಣೆದಾಗಿನ ಮಗನ ಮಾರಿ ನೋಡದೇ ಹೋದಳಂತ," ಎಂದಳು.

ಸುಜಾತಾ ಕಂಪ್ಯೂಟರ್ ಬಂದ್ ಮಾಡಿದಳು. ಆಮೇಲೆ ಡಬ್ಬಿಯ ಪ್ಲಗ್ ಕಿತ್ತಳು. ದೀಪ ಆರಿತು.

ಚಾಚಾನ ಅಂಗಡಿಯಲ್ಲಿ ಜನ ಕಾದಿದ್ದರು. "ಅರೆ ಬೇಟಾ, ಇಷ್ಟು ಜಲ್ದಿ ಏನಿತ್ತು?" ಎಂದ ಚಾಚಾ. ಅನ್ನುತ್ತಲೇ ಅವನ ಕೈ ವೈರು ಜೋಡಿಸತೊಡಗಿತ್ತು.

ಮುದುಕಿ ಪುತಳಾಬಾಯಿ ಇನ್ನೊಂದು ಕಂಪ್ಯೂಟರಿನ ಮುಂದೆ ಕುಳಿತಳು. "ನನ್ನ ಮಾತು ಪುಣೆ ತನಕಾ ಹ್ಯಾಂಗ ಹೋಗ್ತದೋ? ದಾರ್ಯಾಗ ಎಲ್ಲಿ ಬೀಳ್ತದೋ?"

"ಬೀಳಂಗಿಲ್ಲ ಆಯಿ," ಎಂದಳು ಸುಜಾತಾ. "ಅಂಗಡ್ಯಾಗಿನ ಮಾತು ಈ ಡಬ್ಬಿ ನೋಡ್ಕೋತದ. ಹೊರಗಿಂದು ಗೇಟ್‌ವೇಗಿ ಕೊಡ್ತದ. ಗೇಟ್‌ವೇ ಅಂದ್ರ ಅಗಸಿ, ಊರ ಬಾಗಲಾ ಇದ್ದಂಗ. ಅಲ್ಲಿ ಮ್ಯಾಲಿನ ಲಕೋಟಿ ಹರದು ಹೊಸಾದು ಹಾಕ್ತದ. ಒಳಗಿನ ಮಾತು ಹಂಗೇ ಇರ್ತದ. ಹಿಂಗ ಅಗಸಿ ಅಗಸಿ ದಾಟಿ ಹೋಗ್ತದ."

"ನಮ್ಮೂರ ಅಗಸ್ಯಾಗ ಈಗ ಬರೇ ನಾಯಿ ಮಲಗ್ಯಾವ ನೋಡವ್ವ," ಎಂದಳು ಪುತಳಾಬಾಯಿ. ಯಾರೋ ನಕ್ಕರು. ಅವಳು ನಗಲಿಲ್ಲ.

ಪರದೆಯ ಮೇಲೆ ಮಗನ ಮುಖ ಬಂತು. ಚಿತ್ರ ಬಾಯಿ ತೆರೆದಂತೆಯೇ ನಿಂತುಹೋಯಿತು. ಚಾಚಾ ಡಬ್ಬಿಯನ್ನು ತಟ್ಟಿದ. ಪ್ರಯೋಜನವಾಗಲಿಲ್ಲ.

"ಮೂರನೇ ತೂತು ಲೂಸ್ ಅದ, ಚಾಚಾ," ಎಂದಳು ಸುಜಾತಾ. "ಅಪ್ಪ ವೈರ್ ಒತ್ತಿ ಹಿಡೀತಿದ್ದ."

ಹಿಡೀತಿದ್ದ. ತಾನಾಡಿದ ಮಾತು ತನ್ನ ಕಿವಿಗೇ ಬಿತ್ತು.

ಅವಳು ಬಗ್ಗಿ ಹೆಬ್ಬೆರಳಿನಿಂದ ವೈರ್ ಒತ್ತಿದಳು. ದೀಪ ಮಿನುಗಿತು. ಮಗನ ಮುಖ ಮತ್ತೆ ಅಲುಗಿತು.

"ಉಂಡಿಯೇನೋ?" ಪುತಳಾಬಾಯಿ ಕೇಳಿದಳು.

ದೂರದಲ್ಲಿ ಶಾಲೆಯ ಬೆಲ್ ಆಯಿತು. ಸುಜಾತಾ ಬೆರಳು ತೆಗೆಯಲಿಲ್ಲ.