ಏಳನೆಯ ಸಾಲಿನ ಕೆಂಪು ಗೆರೆ

ಬೆಳಿಗ್ಗೆ ಹತ್ತಕ್ಕೆ ಕಂಪ್ಯೂಟರಿನ ಸ್ಥಿರಪುಟ ಯಂತ್ರ ನೆನಪಿನ ಪುಟವನ್ನು ಹೊಸದಾಗಿ ಕಟ್ಟಿ ಮುಗಿಸಿತು. ಪರದೆಯಲ್ಲಿ ಏಳನೆಯ ಸಾಲಿನ ಪಕ್ಕ ಒಂದು ಕೆಂಪು ಗೆರೆ ಮೂಡಿತು. ಅದನ್ನು ಕಂಡದ್ದೇ ತಡ, ಪಾರ್ವತೆವ್ವ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು. ಅಂಥ ಗೆರೆ ಎಳೆಯುತ್ತಿದ್ದ ಗಂಡ ಚನ್ನಮಲ್ಲಪ್ಪ ತೀರಿಕೊಂಡು ನಾಳೆಗೆ ಎರಡು ವರ್ಷ.

ಗದಗಿನಲ್ಲಿ ಕಾಗದದ ಮುದ್ರಣಾಲಯಗಳು ಮುಚ್ಚುವ ತನಕ ಆತ ಕರಡು ತಿದ್ದುತ್ತಿದ್ದವನು. ನಂಬಿಕೆ ಬಾರದ ಸಾಲಿಗೆ ಕೆಂಪು ಗೆರೆ ಎಳೆಯುತ್ತಿದ್ದ. ಪುಟ ಸರಿಯಿದ್ದರೆ ಕೆಳಗೆ 'ಅಚ್ಚಿಗೆ ಹೋಗಲಿ' ಎಂದು ಬರೆದು ಸಹಿ ಹಾಕುತ್ತಿದ್ದ. ಮನೆಯವರ ಪತ್ರಗಳನ್ನೂ ಬಿಟ್ಟವನಲ್ಲ ಪುಣ್ಯಾತ್ಮ.

ಜಾಲತಾಣದ ಪುಟ ಕಟ್ಟುವ ಈ ಸ್ಥಿರಪುಟ ಯಂತ್ರದ ಕೆಲಸ ಸರಳ. ನಾವು ಬರೆದದ್ದು ಒಂದು ಫೋಲ್ಡರಿನಲ್ಲಿರುತ್ತದೆ, ಪುಟದ ಚಹರೆ ನಿರ್ಧರಿಸುವ ಥೀಮ್ ಇನ್ನೊಂದರಲ್ಲಿ. ಎರಡನ್ನೂ ಸೇರಿಸಿ ಯಂತ್ರ ಪುಟ ಕಟ್ಟುತ್ತದೆ. ಮತ್ತೆ ಕಟ್ಟುವವರೆಗೆ ಅದು ಬದಲಾಗುವುದಿಲ್ಲ. ಇದಕ್ಕೆ ತಂತ್ರಾಂಶ ತಜ್ಞೆ ಡಾ. ಫರೀದಾ ನದಾಫ್ ಸೇರಿಸಿದ್ದು 'ಕೈಗುಣ ಥೀಮ್'. ಒಬ್ಬ ಮನುಷ್ಯ ತಿದ್ದಿದ ಸಾವಿರಾರು ಹಾಳೆಗಳನ್ನು ಕೊಟ್ಟರೆ, ಅದು ಅವನ ಕಣ್ಣಿನಿಂದಲೇ ಪುಟವನ್ನು ನೋಡಿ, ಅವನಂತೆಯೇ ಗೆರೆ ಎಳೆಯುತ್ತದೆ, ಒಪ್ಪಿಗೆ ಬರೆಯುತ್ತದೆ. ಗಂಡನ ನೆನಪಿನ ಪುಟಕ್ಕೆ ಪಾರ್ವತೆವ್ವ ಅದನ್ನೇ ಹಾಕಿಸಿಕೊಂಡಿದ್ದಳು. ಆದರೆ ಗೆರೆ ಎಳೆಯುವ ಭಾಗವನ್ನು ಹೋದ ವರ್ಷವೇ ತಾನೇ ತೆಗೆದುಹಾಕಿದ್ದಳು.

ಫೋನು ಮಾಡಿದ ಮೇಲೆ ಫರೀದಾ ಮನೆಗೇ ಬಂದಳು.

"ಅಮ್ಮಾರ, ನೀವು ಥೀಮಿನ ಫೋಲ್ಡರಿನ್ಯಾಗ ಕೈ ಹಾಕಿ ಗೆರಿ ತಗದೀರಿ. ನಿನ್ನೆ ಥೀಮಿನ ಹೊಸ ಆವೃತ್ತಿ ಬಂತು, ನಿಮ್ಮ ತಿದ್ದುಪಡಿ ಎಲ್ಲಾ ಅಳಿಸಿಹೋತು. ನಿಮ್ಮ ಸ್ವಂತ ಫೋಲ್ಡರಿನ್ಯಾಗ ಇಟ್ಟಿದ್ರ ಹಿಂಗ ಆಗತಿರಲಿಲ್ರಿ."

"ಹಂಗಾರ ಆ ತಿದ್ದುಪಡಿ ಅಲ್ಲೇ ಇಡವ್ವಾ, ಗೆರಿ ಕಾಣಬಾರದು. ನಾಳೆ ಬಳಗದವರೆಲ್ಲಾ ಓದತಾರ. ನಮ್ಮ ಯಜಮಾನ್ರ ಕೆಂಪು ಗೆರಿ ಬಿತ್ತಂದ್ರ ಆ ಮಾತು ಸುಳ್ಳು ಅಂತ ಎಲ್ಲಾರಿಗೂ ಗೊತ್ತು."

ಫರೀದಾ ಆ ಸಾಲು ಓದಿದಳು. 'ಕೊನೆಯ ಉಸಿರಿನ ತನಕ ನಾನು ಅವರ ಕೈ ಹಿಡಿದುಕೊಂಡೇ ಇದ್ದೆನು.'

"ಅವತ್ತು ಏನಾತು ಅಂತ ನಿನ್ನ ಯಂತ್ರಕ್ಕ ಗೊತ್ತೈತೇನು?" ಪಾರ್ವತೆವ್ವ ಕೇಳಿದಳು.

"ಇಲ್ರಿ. ಎಂಥಾ ಮಾತಿಗೆ ಅವರ ಪೆನ್ನು ನಿಲ್ಲತಿತ್ತು, ಅಷ್ಟ ಗೊತ್ತು. ಉಳಿದದ್ದೆಲ್ಲಾ ನಿಮ್ಮ ಮಾತಿನ್ಯಾಗ ಬರದೀರಿ. ಇದೊಂದು ಎಲ್ಲಿಂದಲೋ ತಂದು ಹಚ್ಚಿದಂಗ ಐತಿ."

ಗಂಡ ಬೆನ್ನ ಹಿಂದೆ ನಿಂತು ಓದುತ್ತಿದ್ದಾನೆ ಅನಿಸಿ ಪಾರ್ವತೆವ್ವ ಒಮ್ಮೆ ತಿರುಗಿ ನೋಡಿದಳು.

"ಗಂಜಿಗೆ ಉಪ್ಪಿಲ್ಲ ಅಂತ ಅವತ್ತು ಆಸ್ಪತ್ರ್ಯಾಗ ಇವರು ನನಗ ಬೈದ್ರು. ಹಾಕೀನಿ ಅಂತ ನಾನೂ ವಾದಾ ಮಾಡಿದೆ. ಸಿಟ್ಟಿಲೆ ಹೊರಗ ಹೋಗಿ ಚಾ ಕುಡಕೊಂತ ಕುಂತೆ. ಬರೂದ್ರಾಗ ಮಾರಿ ಮ್ಯಾಲೆ ಬಟ್ಟಿ ಎಳದಿದ್ರು."

ಫರೀದಾಳ ಕಣ್ಣು ತುಂಬಿತು. "ಗೆರಿ ಮುಚ್ಚಿಬಿಡ್ತೀನ್ರಿ. ಎರಡು ನಿಮಿಷದ ಕೆಲಸ."

"ಬ್ಯಾಡ, ತಡಿ."

ಪಾರ್ವತೆವ್ವ ಏಳನೆಯ ಸಾಲನ್ನು ಅಳಿಸಿ ಒಂದೊಂದೇ ಅಕ್ಷರ ಒತ್ತಿದಳು. 'ಅವರು ಹೋದಾಗ ನಾನು ಹತ್ತಿರ ಇರಲಿಲ್ಲ. ಗಂಜಿಯ ಸಲುವಾಗಿ ಜಗಳಾಡಿ ಹೊರಗೆ ಕುಳಿತಿದ್ದೆ.'

ಯಂತ್ರ ಪುಟವನ್ನು ಮತ್ತೆ ಕಟ್ಟಿತು. ಗೆರೆ ಹೋಗಿತ್ತು. ಪುಟದ ಕೆಳಗೆ, ಈ ಎರಡು ವರ್ಷಗಳಲ್ಲಿ ಒಮ್ಮೆಯೂ ಕಾಣದಿದ್ದ ಓರೆ ಅಕ್ಷರಗಳು ಮೂಡಿದವು: 'ಅಚ್ಚಿಗೆ ಹೋಗಲಿ.' ಪಕ್ಕದಲ್ಲಿ ಚನ್ನಮಲ್ಲಪ್ಪನ ಸಹಿ.

ಪಾರ್ವತೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯ ಹತ್ತಿರ ಬಾಗಿದಳು.

"ಉಪ್ಪು ಹಾಕೂದು ಖರೇನ ಮರತಿದ್ದೆರಿ," ಎಂದಳು.