ಊಟಕ್ಕೆ ಕರೆದ ದನಿ

ಆ ಮಂಗಳವಾರ ಮಧ್ಯಾಹ್ನ ಫಕೀರೇಶ ಕರೆಯಲಿಲ್ಲ.

ಗಂಟೆ ಒಂದಾಯಿತು. ಅಟ್ಟದ ಮೇಲೆ ಹಾಸಿದ್ದ ಜಮಖಾನೆಯಿಂದ ಹನ್ನೊಂದು ಮಂದಿ ಎದ್ದು, ಬುತ್ತಿ ಹಿಡಿದುಕೊಂಡು, ಕಟ್ಟಿಗೆಯ ಮೆಟ್ಟಿಲು ಇಳಿದು ಬೇವಿನ ಗಿಡದ ಕಟ್ಟೆಗೆ ಹೋದರು. ಭಾಗ್ಯಾ ಒಬ್ಬಳೇ ಕಿಟಕಿಯ ಬಾಜೂ ಕೂತು, ನೋಟ್‌ಬುಕ್ಕಿನ ಹಾಳೆ ಮಗುಚುತ್ತ, ಕಿವಿಯನ್ನು ಅಂಗಳಕ್ಕೆ ಕೊಟ್ಟಿದ್ದಳು. ಡಬ್ಬಿಗಳ ಸದ್ದು ಬಂತು. ಮಲ್ಲಮ್ಮಕ್ಕನ ನಗೆ ಬಂತು. ಬರಬೇಕಾದ ದನಿ ಬರಲಿಲ್ಲ.

ಮೂರೂವರೆ ತಿಂಗಳಿಂದ ಆ ದನಿ ಒಂದು ದಿನವೂ ತಪ್ಪಿದ್ದಿಲ್ಲ.

ಕಲಘಟಗಿಯಲ್ಲಿ ಅಮೋಘಸಿದ್ದಪ್ಪ ಎಂಬ ಹಿರಿಯರು ಬಣ್ಣದ ತೊಟ್ಟಿಲು ಮಾಡುತ್ತಾರೆ. ಕೆಳಗೆ ಅವರ ಕೆಲಸದ ಮನೆ. ಮೇಲಿನ ಅಟ್ಟವನ್ನು ನಾಲ್ಕು ತಿಂಗಳ ಮಟ್ಟಿಗೆ ಒಂದು ಸಂಸ್ಥೆಗೆ ಬಿಟ್ಟುಕೊಟ್ಟಿದ್ದರು. ಪೆಟ್ಟು ತಿಂದ ಮನಸ್ಸಿನವರ ಜೊತೆ, ಕೇಳುವವರಿಲ್ಲದೆ ಬೆಳೆದವರ ಜೊತೆ ಕೂತು ಮಾತಾಡುವ ಕೆಲಸಕ್ಕೆ ಹಳ್ಳಿಯವರನ್ನೇ ತಯಾರು ಮಾಡುವ ತರಬೇತಿ ಅಲ್ಲಿ ನಡೆದಿತ್ತು. ಬೋರ್ಡಿನ ಮೇಲೆ ಕೌನ್ಸೆಲಿಂಗ್ ಕೋರ್ಸ್ ಅಂತಿತ್ತು. ಓಣಿಯವರು ಅದಕ್ಕೆ ‘ಕೇಳೂ ಸಾಲಿ’ ಎಂದು ಹೆಸರಿಟ್ಟಿದ್ದರು. ದೇವಿಕೊಪ್ಪದಿಂದ ಭಾಗ್ಯಾ ದಿನವೂ ಬಸ್ಸಿಗೆ ಬರುತ್ತಿದ್ದಳು. ಫಕೀರೇಶ ನವಲಗುಂದದ ಕಡೆಯವನು, ತಿರ್ಲಾಪುರದವನು. ಊರಲ್ಲಿ ಒಂದು ಹಾಸ್ಟೆಲಿನ ವಾರ್ಡನ್ ಆಗಿದ್ದವನು, ಇಲ್ಲಿ ಬಾಡಿಗೆಯ ಖೋಲಿ ಹಿಡಿದಿದ್ದ.

ಮೊದಲ ದಿನ ಎಲ್ಲರೂ ಉಣ್ಣಲು ಇಳಿದಾಗ ಭಾಗ್ಯಾ ಅಟ್ಟದ ಮೇಲೆಯೇ ಉಳಿದಿದ್ದಳು. ಎಲ್ಲರದೂ ಮುಗಿದ ಮೇಲೆ ಡಬ್ಬಿ ಬಿಚ್ಚುವುದು ಅವಳ ರೂಢಿ. ಯಾಕೆಂದು ಅವಳೂ ಕೇಳಿಕೊಂಡಿರಲಿಲ್ಲ. ಊಟದ ಹೊತ್ತಾದದ್ದು ಈಕೆಗೆ ಗೊತ್ತೇ ಆಗಿಲ್ಲವೆಂದು ತಿಳಿದ ಫಕೀರೇಶ ಅಂಗಳದಲ್ಲಿ ನಿಂತು ಬಾಯಿಗೆ ಕೈ ಹಚ್ಚಿ ಕೂಗಿದ್ದ.

“ಭಾಗ್ಯಾ ಅವ್ರ, ಉಣ್ಣಾಕ ಬರ್ರಿ...”

ಎರೆಹೊಲದ ಬಯಲಿನಲ್ಲಿ ಬೆಳೆದ ದನಿ ಅದು. ಆ ಬದುವಿನಿಂದ ಈ ಬದುವಿಗೆ ಕರೆದು ರೂಢಿಯಾದದ್ದು, ಕಲಘಟಗಿಯ ಸಣ್ಣ ಅಂಗಳದಲ್ಲಿ ಹಿಡಿಯಲಾರದೆ ಹೊರಗೆ ಚೆಲ್ಲಿತು. ಎದುರು ಮನೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಭಾಗ್ಯಾ ಮೊದಲ ಕರೆಗೇ ದಡದಡನೆ ಇಳಿದು ಬಂದಿದ್ದಳು, ಕಿವಿಯವರೆಗೆ ಕೆಂಪಾಗಿ.

ಮರುದಿನವೂ ಕರೆದ. ಅದರ ಮರುದಿನವೂ. ಅಂಗನವಾಡಿಯಲ್ಲಿ ಇಪ್ಪತ್ತು ವರ್ಷ ದುಡಿದ ಮಲ್ಲಮ್ಮಕ್ಕ ಸುಮ್ಮನೆ ಬಿಡುವ ಹೆಂಗಸೇ?

“ಏನೋ ಫಕೀರೇಶಾ, ಹನ್ನೆರಡು ಮಂದಿ ಅದೀವಿ. ನನ್ನ ಹೆಸರಿಗೂ ಒಂದಿನ ಬಾಯಿ ತಗಿ.”

“ನಾ ಕರಿಯೂದ್ರಾಗ ನೀ ಅರ್ಧಾ ಡಬ್ಬಿ ಖಾಲಿ ಮಾಡಿರ್ತೀಯಲ್ಲ ಅಕ್ಕ.”

ಹೀಗೆ ನಗುತ್ತ ಹೇಳುವಾಗ ಅವನ ಕಣ್ಣು ಮಲ್ಲಮ್ಮಕ್ಕನ ಕಡೆ ಇರುತ್ತಿರಲಿಲ್ಲ. ಮೆಟ್ಟಿಲ ಕೊನೆಯಲ್ಲಿ ಚಪ್ಪಲಿ ಹುಡುಕುತ್ತಿದ್ದ ಒಂದು ಜೊತೆ ಪಾದಗಳ ಮೇಲೆ ಇರುತ್ತಿತ್ತು. ಭಾಗ್ಯಾ ತಲೆ ಎತ್ತಿದರೆ ಆ ಕಣ್ಣು ಬೇವಿನ ಟೊಂಗೆಗೆ ಹಾರುತ್ತಿತ್ತು. ಅವನ ಗುರೆಳ್ಳು ಚಟ್ನಿ ಅವಳ ರೊಟ್ಟಿಯ ಮೇಲೆ ಬರುತ್ತಿತ್ತು. ಅವಳ ಎಣಗಾಯಿ ಅವನ ತಾಟಿಗೆ ಹೋಗುತ್ತಿತ್ತು. ಇದಕ್ಕಿಂತ ಹೆಚ್ಚಿನದು ಇಬ್ಬರ ನಡುವೆ ಏನೂ ನಡೆದಿರಲಿಲ್ಲ.

ಕಲಿಸುತ್ತಿದ್ದವರು ಹಲೀಮಾಬಿ. ಮೂವತ್ತು ವರ್ಷ ನರ್ಸ್ ಆಗಿದ್ದು, ಆಮೇಲೆ ಈ ವಿದ್ಯೆಗೆ ಬಂದವರು. ದಿನವೂ ಪಾಠ ಶುರು ಮಾಡುವ ಮುಂಚೆ ಒಂದು ನಿಮಿಷ ಎಲ್ಲರೂ ಕಣ್ಣುಮುಚ್ಚಿ ಅವರವರ ದೇವರನ್ನು ನೆನೆಯಬೇಕು. ಮತ್ತೊಬ್ಬರ ನೋವಿಗೆ ಕೈ ಹಚ್ಚುವ ಮುಂಚೆ ಕೈ ತೊಳೆದುಕೊಂಡ ಹಾಗೆ, ಅನ್ನುತ್ತಿದ್ದರು. ಏಟು ತಿಂದ ಮಗುವಿನ ಮೈಮೇಲೆ ಬಾಸುಂಡೆ ಕಾಣುತ್ತದೆ. ಯಾರೂ ಕೇಳದೆ ಬೆಳೆದ ಮಗುವಿನ ಮೈಮೇಲೆ ಏನೂ ಕಾಣುವುದಿಲ್ಲ, ಅತ್ತರೆ ಬರುವವರಿಲ್ಲವೆಂದು ಗೊತ್ತಾದ ಕೂಸು ಅಳುವುದನ್ನೇ ಬಿಟ್ಟಿರುತ್ತದೆ ಎಂದು ಅವರು ಹೇಳಿದ ದಿನ ಭಾಗ್ಯಾಳ ಪೆನ್ನು ನಿಂತುಹೋಗಿತ್ತು.

ಅವರ ಸಾಲೆಗೆ ಎರಡು ನೇಮಗಳಿದ್ದವು. ನೋವು ಹೊತ್ತು ಬಂದವರನ್ನು ‘ಯಾಕೆ’ ಎಂದು ಕೇಳಬಾರದು. ಆ ಮಾತು ತಪ್ಪು ಹುಡುಕಿದಂತೆ ಕೇಳುತ್ತದೆ. ಇನ್ನೊಂದು, ಸಣ್ಣ ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಇರಬೇಕು. ಹೇಳಿದವರು ತಾವಾಗಿ ಹೊರಗೆ ತಂದರಷ್ಟೇ ಅದು ಹೊರಗಿನ ಮಾತು.

ಸಣ್ಣ ಕೋಣೆ ಎಂದರೆ ಬಣ್ಣ ಕಾಣದ ತೊಟ್ಟಿಲುಗಳನ್ನು ಇಡುವ ಜಾಗ. ಅಲ್ಲಿ ಎರಡು ಕುರ್ಚಿ. ಜೋಡಿಯಾಗಿ ಕೂತು ಒಬ್ಬರು ತಮ್ಮ ಬದುಕಿನ ಒಂದು ಮಾತು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಸಣ್ಣ ಭಾರದ ಮಾತೇ ಇರಲಿ, ಹೊತ್ತು ನಡೆಯಲಾಗದ್ದನ್ನು ಇಲ್ಲಿ ಇಳಿಸಬೇಡಿ ಎಂದು ಹಲೀಮಾಬಿ ಎಚ್ಚರಿಸುತ್ತಿದ್ದರು.

ಆ ಸೋಮವಾರ ಚೀಟಿ ಎತ್ತಿದಾಗ ಭಾಗ್ಯಾಳಿಗೆ ಫಕೀರೇಶ ಬಂದ. ಮೊದಲು ಅವನು ಹೇಳಿದ. ಹಾಸ್ಟೆಲಿನ ಮಕ್ಕಳು ದಿಂಬಿನ ಕೆಳಗೆ ರೊಟ್ಟಿ ಬಚ್ಚಿಡುತ್ತಿದ್ದರಂತೆ. ಇರುವೆ ಬರುತ್ತವೆಂದು ಅವನು ಗದರಿಸಿ ಎಲ್ಲ ತೆಗೆಸಿ ಬಿಸಾಡಿಸಿದ್ದನಂತೆ. ನಾಳೆ ಸಿಗುತ್ತದೆಂಬ ನಂಬಿಕೆ ಇಲ್ಲದೆ ಬೆಳೆದವರು ಇವತ್ತಿನದನ್ನು ಬಚ್ಚಿಡುತ್ತಾರೆಂದು ತನಗೆ ತಿಳಿಯಲು ಎರಡು ವರ್ಷ ಹಿಡಿಯಿತು ಅಂದ. ಅದಕ್ಕೇ ಕೆಲಸ ಬಿಟ್ಟು ಕಲಿಯಲು ಬಂದದ್ದು.

ನಂತರ ಭಾಗ್ಯಾಳ ಸರದಿ. ಬಸ್ಸು ತಪ್ಪಿದ ಒಂದು ಕಥೆಯನ್ನು ಮನಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದಳು. ಬಾಯಿ ತೆರೆದಾಗ ಬಂದದ್ದು ಬೇರೆಯೇ. ಅವ್ವ ಸತ್ತಾಗ ಮೂರು ವರ್ಷದವಳು, ಬೆಳೆದದ್ದು ಕಾಕಾನ ಮನೆಯಲ್ಲಿ.

“ನನಗ ಯಾರೂ ಹೊಡಿಲಿಲ್ರಿ. ಅನ್ನಾ ಮುಚ್ಚಿ ಇಟ್ಟಿರ್ತಿದ್ರು. ಆದ್ರ ಯಾರೂ ಕರೀತಿದ್ದಿಲ್ಲ. ಸಂಜಿಮುಂದ ಓಣ್ಯಾಗ ಆಡೂಮುಂದ ಎಲ್ಲಾರ ಅವ್ವಂದಿರೂ ಬಾಗಲದಾಗ ನಿಂತು ಹೆಸರು ಹಿಡದು ಉಣ್ಣಾಕ ಕರೀತಿದ್ರು. ಹುಡುಗ್ರು ‘ಬಂದ್ನಿ ಬೇ’ ಅಂದು ಮತ್ತೊಂದು ಆಟ ಆಡ್ತಿದ್ರು. ಮೂರು ಮೂರು ಸಲ ಕರಸ್ಕೊಂಡು ಹೋಗ್ತಿದ್ರು. ಅವ್ರು ಉಂಡಿದ್ದರ ಮ್ಯಾಲ ನನಗ ಆಸೆ ಇದ್ದಿಲ್ರಿ. ಆ ಮೂರು ಸಲದ ಮ್ಯಾಲ ಇತ್ತು. ನಾ ಓಣಿ ಖಾಲಿ ಆದಮ್ಯಾಲ ನಾನ ಎದ್ದು ಹೋಗ್ತಿದ್ನಿ.”

ಫಕೀರೇಶ ಪೂರ್ತಿ ಕೇಳಿದ. ಕೈಯನ್ನು ಪಕ್ಕದ ತೊಟ್ಟಿಲ ಅಂಚಿನ ಮೇಲೆ ಇಟ್ಟಿದ್ದ. ಬೆರಳುಗಳು ಕಟ್ಟಿಗೆಯನ್ನು ಬಿಗಿ ಹಿಡಿದಿದ್ದವು. ಕೊನೆಗೆ, ಕಲಿಸಿದ ಪ್ರಕಾರ, “ಹೇಳಿದ್ರಲ್ಲ, ಉಪಕಾರ ಆತ್ರಿ” ಅಂದು ಎದ್ದ. ಬಾಗಿಲ ಕಡೆ ತಿರುಗುವಾಗ ಅವನ ಕಣ್ಣು ಒಮ್ಮೆ ಅವಳ ಮೇಲೆ ನಿಂತಿತು. ಆ ನೋಟವನ್ನು ಅವಳು ಬಸ್ಸಿನ ದಾರಿಯುದ್ದಕ್ಕೂ ಜೋಪಾನವಾಗಿ ಒಯ್ದಳು. ಇಪ್ಪತ್ತೇಳು ವರ್ಷಕ್ಕೆ ಮೊದಲ ಸಲ ಒಬ್ಬರ ಮುಂದೆ ಹೇಳಿದ್ದಳು.

ಮರುದಿನದಿಂದ ಕರೆ ನಿಂತಿತು.

ಬುಧವಾರ, ಗುರುವಾರ, ಶುಕ್ರವಾರ. ಅವನು ಕಟ್ಟೆಯ ಮೇಲೂ ಕೂಡುತ್ತಿರಲಿಲ್ಲ. ಡಬ್ಬಿ ಹಿಡಿದು ಕೆಲಸದ ಮನೆಯ ಹಿಂದೆ ಹೋಗುತ್ತಿದ್ದ. ಎದುರಾದರೆ ನೆಲ ನೋಡಿ ಸರಿಯುತ್ತಿದ್ದ. ಮಲ್ಲಮ್ಮಕ್ಕ ಕರೆದಳು, ಬೇರೆಯವರೂ ಕರೆದರು. ಭಾಗ್ಯಾ ಹಸಿವಿಲ್ಲ ಅಂದಳು. ಪೂರ್ತಿ ಕೇಳಿದವನೇ ಮುಖ ತಿರುಗಿಸಿದ ಎಂದ ಮೇಲೆ, ಕೇಳಬಾರದ್ದು ತನ್ನಲ್ಲಿ ಏನೋ ಇದೆ ಎಂದಾಯಿತು. ನಾಳೆ ತನ್ನ ಮುಂದೆ ಕೂತವರಿಗೆ ‘ಹೇಳಿರಿ, ಹೇಳಿದರೆ ಹಗುರಾಗುತ್ತದೆ’ ಎಂದು ಯಾವ ಬಾಯಿಂದ ಹೇಳಲಿ? ತರಬೇತಿ ಮುಗಿಯಲು ಹತ್ತು ದಿನ ಉಳಿದಿತ್ತು. ಶನಿವಾರ ಮಧ್ಯಾಹ್ನ ಪುಸ್ತಕಗಳನ್ನು ಕಟ್ಟಿಕೊಂಡು, ವಾಪಸ್ ಕೊಟ್ಟು ಹೋಗುತ್ತೇನೆಂದು ಹಲೀಮಾಬಿಯವರ ಮುಂದೆ ನಿಂತಳು.

ಹಲೀಮಾಬಿ ತಸಬಿಯ ಜಪಮಣಿ ಎಣಿಸುತ್ತ ಕೂತಿದ್ದರು. ಮುಗಿಸಿ, ಕಣ್ಣಿಗೆ ಒತ್ತಿಕೊಂಡು, ಕೂಡು ಎಂದರು. ಕೋಣೆಯ ಮಾತು ಬಿಟ್ಟು ಉಳಿದದ್ದನ್ನು ಭಾಗ್ಯಾ ಹೇಳಿದಳು: ದಿನಾ ಕರೆಯುತ್ತಿದ್ದ, ಈಗ ಕರೆಯುವುದಿಲ್ಲ.

“ಯಾಕ ಅಂತ ಕೇಳಿದೇನವ್ವಾ ಅವನ್ನ?”

“ಯಾಕ ಅಂತ ಕೇಳಬಾರ್ದು ಅಂತ ನೀವ ಕಲಿಸೀರಲ್ರಿ ಮೇಡಂ.”

ಹಲೀಮಾಬಿ ನಗತೊಡಗಿದರು. ಕನ್ನಡಕ ತೆಗೆದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. “ಅದು ನೋವು ತಗೊಂಡು ಬಂದವರ ಮುಂದ, ಮಗಳ. ಬಾಜೂ ಕೂತು ರೊಟ್ಟಿ ತಿನ್ನಾಂವನ ಮುಂದ ಅಲ್ಲ. ಹೋಗು, ಯಾಕ ಅಂತ ಕೇಳು. ಹೇಳಲಿಲ್ಲಂದ್ರ ಇನ್ನೊಂದು ಸಲ ಕೇಳು. ಪುಸ್ತಕ ಆಮ್ಯಾಲ ಕೊಡೂವಂತಿ.”

ಭಾಗ್ಯಾ ಇಳಿದು ಕೆಲಸದ ಮನೆಯ ಹಿಂದೆ ಹೋದಳು. ಅಮೋಘಸಿದ್ದಪ್ಪ ತೊಟ್ಟಿಲ ಪಟ್ಟಿಗೆ ಹಳದಿ ಗೆರೆ ಎಳೆಯುತ್ತಿದ್ದರು. ಫಕೀರೇಶ ಪಟ್ಟಿಯ ಇನ್ನೊಂದು ತುದಿ ಹಿಡಿದು ಕೂತಿದ್ದ. ಮೂಗಿನ ಮೇಲೆ ಒಂದು ಹಳದಿ ಚುಕ್ಕೆ ಆಗಿತ್ತು. ಬಾಜೂ ಅವನ ಡಬ್ಬಿ, ಮುಚ್ಚಳ ತೆಗೆಯದ್ದು.

“ಯಾಕ ಕರಿಯೂದು ಬಿಟ್ರಿ?”

ಅವನು ಎದ್ದು ನಿಂತ. ಪಟ್ಟಿ ಕೈಯಲ್ಲೇ ಇತ್ತು.

“ಆ ಮಾತು ಇಲ್ಲಿ ಆಡಾಕ ಬರಂಗಿಲ್ರಿ.”

“ಯಾವ ಮಾತು?”

“ಯಾವ ಮಾತು ಅಂತನೂ ಹೇಳಾಕ ಬರಂಗಿಲ್ರಿ.”

ಅವಳಿಗೆ ಆಗ ಹೊಳೆಯಿತು. ಐದು ದಿನದಿಂದ ಈ ಮನುಷ್ಯ ನೇಮವನ್ನು ದೇವರ ಪ್ರಸಾದದ ಹಾಗೆ ಎರಡೂ ಕೈಯಲ್ಲಿ ಹಿಡಿದು, ನೆಲಕ್ಕೆ ಬಿದ್ದೀತೆಂದು ಹೆದರಿ ನಡೆಯುತ್ತಿದ್ದಾನೆ.

“ಹಂಗಾರ ಕೇಳ್ರಿ. ನಾನ ಹೊರಗ ತರ್ತೇನಿ. ನಾ ಸಣ್ಣಾಕಿದ್ದಾಗ ನನ್ನ ಯಾರೂ ಉಣ್ಣಾಕ ಕರೀಲಿಲ್ಲ. ಬಿಸಲಾಗ ನಿಂತು ಹೇಳೇನಿ, ಅಮೋಘಸಿದ್ದಪ್ಪ ಅಜ್ಜಾರೂ ಕೇಳ್ಯಾರ. ಮೊದಲ ಕರದಾವ್ರು ನೀವು. ಇದೊಂದು ಮಾತು ಆ ಖೋಲ್ಯಾಗ ಹೇಳಿದ್ದಿಲ್ಲ. ಈಗ ಹೇಳ್ರಿ, ಯಾಕ ಬಿಟ್ರಿ?”

ಅಮೋಘಸಿದ್ದಪ್ಪ ಕುಂಚವನ್ನು ಎಣ್ಣೆಯ ಬಟ್ಟಲಲ್ಲಿ ಇಟ್ಟು, ಚಹಾ ಕುಡಿದು ಬರುತ್ತೇನೆಂದು ಯಾರಿಗೋ ಹೇಳಿದಂತೆ ಹೇಳಿ ಒಳಗೆ ಹೋದರು.

ಫಕೀರೇಶ ನಿಧಾನವಾಗಿ ಮಾತು ಹುಡುಕಿದ. “ಮೊದ್ಲ ನಾ ಸುಮ್ನ ಕರೀತಿದ್ನಿ. ಗೊತ್ತಾದಮ್ಯಾಲ ಕರದ್ರ ಔಷಧ ಕೊಟ್ಟಂಗ ಆಕ್ಕೈತಿ. ಪಾಪ ಅಂತ ಕರದಾನ ಅಂತ ನೀವು ತಿಳ್ಕೊಂಡ್ರ?”

“ಅಷ್ಟನ?”

“ಅಷ್ಟ ಅಲ್ರಿ.” ಅವನು ಪಟ್ಟಿಯನ್ನು ಗೋಡೆಗೆ ಆನಿಸಿ ಇಟ್ಟ. “ಹತ್ತು ದಿವಸಕ್ಕ ನಾ ತಿರ್ಲಾಪುರಕ್ಕ ಹೋಗಾಂವ. ಹತ್ತು ದಿವಸ ಕರದು ಹನ್ನೊಂದನೇ ದಿವಸ ಬಿಟ್ರ, ಕರೀಲಾರದ ಮಂದ್ಯಾಗ ನಾನೂ ಒಬ್ಬಾಂವ ಆಗ್ತೇನಿ. ಕರದ್ರ ದಿನಾ ಕರೀಬೇಕು, ಇಲ್ಲಾಂದ್ರ ಬಾಯಿ ತಗೀಬಾರ್ದು ಅಂತ ಮಾಡಿದ್ನಿ. ದಿನಾ ಕರೀತೇನಿ ಅನ್ನಾಕ ನಿಮ್ಮನ್ನ ಕೇಳಬೇಕು. ಕೇಳಾಕ ಧೈರ್ಯಾ ಬರಲಿಲ್ಲ. ಹಸಿವೂ ಆಗಲಿಲ್ಲ.”

ಬೇವಿನ ಎಲೆಯ ನೆರಳು ಇಬ್ಬರ ನಡುವೆ ಆಡುತ್ತಿತ್ತು. ಭಾಗ್ಯಾ ಅವನ ಮೂಗಿನ ಮೇಲಿನ ಹಳದಿ ಚುಕ್ಕೆಯನ್ನೇ ನೋಡುತ್ತಿದ್ದಳು. ಅದರಾಚೆ ನೋಡಿದರೆ ಕಣ್ಣು ತುಂಬುತ್ತಿದ್ದವು.

“ದಿನಾ ಅಂದ್ರ ಎಲ್ಲೀತನಕಾರಿ?”

“ಮುಪ್ಪಾಗಿ ದನಿ ಹೋಗೂತನಕ.”

“ಭಾಗ್ಯಾ ಅವ್ರ, ಬರ್ರಿ ಅಂತ ಅಷ್ಟು ಉದ್ದ ದಿನಾ ಕೂಗಿದ್ರ ದನಿ ಲಗೂನ ಹೋಗತೈತಿ,” ಅಂದಳು. “ಸಣ್ಣದು ಮಾಡ್ಕೋರಿ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಮುಖದಲ್ಲಿ ಮೂಡಿದ ಬೆಳಕನ್ನು ನೋಡಲು ಅವಳು ನಿಲ್ಲಲಿಲ್ಲ. ಬೆನ್ನು ತಿರುಗಿಸಿ, ಮೆಟ್ಟಿಲು ಹತ್ತಿ, ಅಟ್ಟಕ್ಕೆ ಹೋಗಿ ಕಿಟಕಿಯ ಬಾಜೂ ತನ್ನ ಜಾಗದಲ್ಲಿ ಕೂತಳು. ಹಲೀಮಾಬಿ ಒಮ್ಮೆ ಅವಳನ್ನು ನೋಡಿ, ಪುಸ್ತಕದ ಕಟ್ಟನ್ನು ಕೈಯಿಂದ ಅವಳ ಕಡೆಗೇ ಸರಿಸಿ, ಮತ್ತೆ ಮಣಿ ಹಿಡಿದರು.

ಅಂಗಳದಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದಾಯಿತು.

“ಭಾಗ್ಯಾ, ಉಣ್ಣಾಕ ಬಾ...”

ಪಾರಿವಾಳಗಳು ಎದ್ದವು. ಭಾಗ್ಯಾ ಕಣ್ಣು ಮುಚ್ಚಿ ಕೈ ಜೋಡಿಸಿದಳು. ಮುಖ ನೆನಪಿಲ್ಲದ ಅವ್ವನನ್ನು ನೆನೆದಳು. ಕರೆಯದಿದ್ದರೂ ಒಂದು ದಿನವೂ ಉಪವಾಸ ಕೆಡವದೆ ಅನ್ನ ಮುಚ್ಚಿಟ್ಟ ಕಾಕಾನ ಮನೆಯನ್ನು ನೆನೆದಳು. ಅವರಿಗೂ ಕೈ ಮುಗಿಯಬೇಕು ಎಂದು ಇವತ್ತೇ ಅನ್ನಿಸಿದ್ದು. ಕೇಳುವ ವಿದ್ಯೆ ಕಲಿಸಿದ ಹಲೀಮಾಬಿ ತಾಯಿಯನ್ನು ನೆನೆದಳು. ಎರೆನೆಲದ ಬಯಲಿಗೆ ಇಷ್ಟು ದೊಡ್ಡ ದನಿ ಕೊಟ್ಟು, ಅದನ್ನು ಇಲ್ಲಿಯವರೆಗೆ ಕಳಿಸಿದ ದೇವರಿಗೆ ತಲೆಬಾಗಿದಳು.

“ಬಂದ್ನಿ,” ಎಂದು ಕಿಟಕಿಯಿಂದ ಕೂಗಿದಳು. ಏಳಲಿಲ್ಲ. ನೋಟ್‌ಬುಕ್ಕಿನ ಹಾಳೆ ಮಗುಚಿದಳು.

“ಭಾಗ್ಯಾ, ರೊಟ್ಟಿ ಆರಾಕತ್ತಾವು, ಬಾ...”

“ಬಂದ್ನಿ ತಡೀರಿ.” ಇನ್ನೊಂದು ಹಾಳೆ. ಕೆಳಗೆ ಮಲ್ಲಮ್ಮಕ್ಕನ ದನಿ, ಏನವ್ವ, ಎಷ್ಟು ಸಲ ಕರೆಸಿಕೊಳ್ಳುತ್ತಿ ಎಂದು. ಫಕೀರೇಶ ಅವಳನ್ನು ಸುಮ್ಮನಿರಿಸಿದ್ದು ಕೇಳಿಸಿತು. ಅವನಿಗೆ ಲೆಕ್ಕ ಗೊತ್ತಿತ್ತು.

ಮೂರನೆಯ ಸಲ ಅವನು ಅವಸರವಿಲ್ಲದೆ, ಸಂಜೆಯ ಬಾಗಿಲಲ್ಲಿ ನಿಂತವರ ಹಾಗೆ ಕರೆದ.

ಭಾಗ್ಯಾ ನೋಟ್‌ಬುಕ್ ಮುಚ್ಚಿ, ಡಬ್ಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು.